ರಾಳದ ಹೊಗೆ

ತ್ಬಿಲಿಸಿಯ ಐದನೇ ಮಹಡಿ. ಬಾಲ್ಕನಿಗೆ ಗಾಜು ಹೊದಿಸಿ
ಮಾಡಿಕೊಂಡ ಮೂಲೆಯಲ್ಲಿ ನುಗ್ಜಾರ್
ಯಾರದೋ ರೇಡಿಯೋ ಬಿಚ್ಚಿ ಕೂತರೆ,
ಕಾದ ಮೊನೆಗೆ ಬೆಸುಗೆ ಹನಿಯುತ್ತಲೇ
ರಾಳದ ಹೊಗೆ ನೆಟ್ಟಗೆ ಮೂಗಿಗೇ,
ಸಾಲ ಕೊಟ್ಟವನ ಹಾಗೆ.

ಬೂಟಿನ ಡಬ್ಬ, ಸತ್ತ ಕಂಪ್ಯೂಟರಿನ ಫ್ಯಾನು,
ಮೀನಿನ ತೊಟ್ಟಿಯ ಇದ್ದಿಲು ಸ್ಪಂಜು.
ಖರ್ಚು ಎರಡು ಲಾರಿ
(ಅಲ್ಲಿ ದುಡ್ಡಿಗೆ ಹಾಗನ್ನುತ್ತಾರೆ),
ಅದೂ ಟೇಪಿಗೆ.

ಮೊದಲ ಸಲ ಫ್ಯಾನು ಉಲ್ಟಾ.
ಹೊಗೆಯೆಲ್ಲ ಮುಖಕ್ಕೇ. ತ್ಸಿಯಾಲ
ಬದನೆ ಹೆಚ್ಚುವುದು ಬಿಟ್ಟು ನಕ್ಕಳು.
ತಿರುಗಿಸಿ ಕೂರಿಸಿದ.
ಈಗ ಹೊಗೆ ಏಳುತ್ತದೆ, ಅರೆಗಳಿಗೆ ಅನುಮಾನಿಸಿ
ಯಾರೋ ಹೆಸರು ಹಿಡಿದು ಕರೆದಂತೆ
ಪಕ್ಕಕ್ಕೆ ಹೊರಳುತ್ತದೆ.

ವಾರ ಕಳೆದು, ರಾತ್ರಿ ಎರಡಕ್ಕೆ,
ತ್ಸಿಯಾಲಳಿಗೆ ಎಚ್ಚರ.
ಇಷ್ಟು ವರ್ಷದ ಕೆಮ್ಮು ಕೇಳುತ್ತಿಲ್ಲ.
ಗಾಬರಿಯಲ್ಲಿ ಅವನ ಮೂಗಿನ ಕೆಳಗೆ
ಬೆರಳಿಟ್ಟು ನೋಡಿದಳು.

ಬೆಚ್ಚಗಿತ್ತು.