ಬಾನೆಟ್ಟಿನ ಮೇಲೆ ಅಂಗೈ

ಬೇಕರಿ ಸಾಮಾನು ಬಿಟ್ಟು ಬೇರೇನೂ ಹೇರಿಲ್ಲ, ಅಂದರು ಲ್ಯಾನ್ಸಿ ಕ್ರಾಸ್ತಾ,
ಹೊಸಂಗಡಿಯ ರೈಲ್ವೆ ಗೇಟಿನಾಚೆ
ಹಲಸಿನ ಮರದಡಿ ನಿಂತ ಪಿಕಪ್ಪಿನ ಬಾಗಿಲನ್ನು
ಮದುಮಗಳಿಗೆ ತೆರೆಯುವ ಹಾಗೆ ತೆರೆದು.

ಅಂದುಂಞಿಚ್ಚ ಬಾಗಿಲ ಕಡೆ ನೋಡಲಿಲ್ಲ.
ಬಾನೆಟ್ಟಿನ ಮೇಲೆ ಅಂಗೈ ಇಟ್ಟರು.
"ನಾವು ಬರುವ ಮೊದಲೇ ಎಬ್ಬಿಸಿದ್ದೀರಿ."
ಲ್ಯಾನ್ಸಿ ನಕ್ಕರು. ಬ್ಯಾಟರಿ ನೋಡಿದ್ದು, ಅಷ್ಟೇ.

ನಾಲ್ಕು ಲಕ್ಷದ ಹತ್ತು ಸಾವಿರ. ನನ್ನ ಚೀಲದಲ್ಲಿ
ಚಿಟ್ಟಿಯ ದುಡ್ಡು, ಸಂಘದ ಸಾಲ, ಅಡವಿಟ್ಟ ಬಳೆಯ ರಶೀದಿ.
ದಿನಕ್ಕೆ ಇನ್ನೂರೈವತ್ತು ಚಾದರ ಒಗೆದು ಒಣಗಿಸಿ ಮಡಚಿ
ತಲಪಾಡಿ ದಾಟಿಸಿ ಆಸ್ಪತ್ರೆಗೆ ಮುಟ್ಟಿಸಬೇಕು;
ಟೆಂಪೋ ಬಾಡಿಗೆ ಸೋಪಿನ ಖರ್ಚನ್ನೂ ಮೀರುತ್ತದೆ.
ಮೂರು ವರ್ಷ ಲೆಕ್ಕ ಹಾಕಿ ಬಂದವಳು ನಾನು. ಆದರೂ
ಬಣ್ಣ ಕಂಡ ಕೂಡಲೇ ಮನಸ್ಸು ಸೀಟು ಹತ್ತಿ ಕುಳಿತಿತ್ತು.

ಅಂದುಂಞಿಚ್ಚನಿಗೆ ಎಡಕಿವಿ ಪೂರ್ತಿ ಹೋಗಿದೆ, ಬಲಕಿವಿ ಅರ್ಧ.
ಉದ್ದದ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ ಊರಿ
ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ
ಕಣ್ಣು ಮುಚ್ಚಿದರು. ಒಂದು. ಎರಡು. ಮೂರು.
ನಾಲ್ಕನೆಯದರಲ್ಲಿ ಹುಬ್ಬು ಗಂಟಾಯಿತು.
ಆಯಿಲಿನ ಮುಚ್ಚಳ ಬಿಚ್ಚಿ, ಅದೇ ಬಾಯಿಯ ಮೇಲೆ ಮಗುಚಿಟ್ಟರು.
ಮುಚ್ಚಳ ನಡುಗಿತು, ಕುಣಿಯಲಿಲ್ಲ.
"ರಿಂಗು ಉಂಟು ಇನ್ನೂ. ಕುಣಿದಿದ್ದರೆ ಈಗಲೇ ಬಸ್ಸು ಹತ್ತುತ್ತಿದ್ದೆವು."

ಮೀಟರು ಅರುವತ್ತೆರಡು ಸಾವಿರ ಅನ್ನುತ್ತದೆ.
ಕ್ಲಚ್ಚಿನ ರಬ್ಬರು ಸವೆದು ಕಬ್ಬಿಣ ಹಲ್ಲು ಕಿಸಿದಿದೆ.
ಮೀಟರಿಗೆ ಸುಳ್ಳು ಕಲಿಸಬಹುದು,
ಪೆಡಲಿಗೆ ಯಾರೂ ಕಲಿಸಿಲ್ಲ.

ಆಮೇಲೆ ಗೋಣಿ ಹಾಸಿ ಗಾಡಿಯಡಿಗೆ ನುಗ್ಗಿದರು,
ಸಣ್ಣ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ಬಡಿಯುತ್ತ:
ಟಣ್, ಟಣ್, ಟಣ್,
ಶಾಲೆ ಬಿಟ್ಟ ಗಂಟೆ;
ಹಿಂದಿನ ಚಕ್ರದ ಹತ್ತಿರ ಒಮ್ಮೆಲೇ
ದೊಬ್,
ಕೊಳೆತ ಸೌತೆಕಾಯಿ.
"ಸುಗಂಧೀ, ಒಳಗಿನ ಮ್ಯಾಟ್ ಎತ್ತು."

ಎತ್ತಿದೆ. ಬೋಲ್ಟಿನ ಸಂದಿಯಲ್ಲಿ
ಮೀನಿನ ಹುರುಪೆ, ಮಗುವಿನ ಕಿರುಬೆರಳ ಉಗುರಿನಷ್ಟು,
ಒಣಗಿಯೂ ಹೊಳೆಯುತ್ತ. ಪಕ್ಕದಲ್ಲಿ ಇನ್ನೊಂದು.
ಬ್ರೆಡ್ಡಿಗೆ ಹುರುಪೆ ಇರುವುದಿಲ್ಲ.

ಲ್ಯಾನ್ಸಿ ಕೆಲಹೊತ್ತು ಕೀಗೊಂಚಲು ತಿರುಗಿಸಿದರು.
"ಓವನ್ ಆರಿದ ಎರಡು ವರ್ಷ ಬೂತಾಯಿ ಸಾಗಿಸಿದ್ದು ಹೌದು,
ಮಂಜೇಶ್ವರ ಹಾರ್ಬರಿನಿಂದ, ರಾತ್ರಿ ಮಾತ್ರ.
ಹಗಲಲ್ಲಿ ಗಿರಾಕಿಗಳು ಕಂಡರೆ
ನಾಳೆ ನನ್ನ ಬನ್ನು ಯಾರು ತಿನ್ನುತ್ತಾರೆ?"
ಬೆಳಗಿನ ಜಾವ ಶಾಂಪೂ ಹಾಕಿ ತೊಳೆಯುತ್ತಿದ್ದರಂತೆ,
ಮಕ್ಕಳ ಶಾಂಪೂ.
ಐಸಿನ ಉಪ್ಪುನೀರು ಅದಕ್ಕೂ ಮೊದಲೇ
ಕಬ್ಬಿಣದೊಳಗೆ ಇಳಿದು ಮಲಗಿತ್ತು.

ನನ್ನ ಚಾದರಗಳಿಗೆ ಬೂತಾಯಿ ವಾಸನೆ?
ಹೆರಿಗೆ ವಾರ್ಡಿನ ನರ್ಸು ಮೂಗು ಮುಚ್ಚುವುದು ಕಣ್ಣಿಗೇ ಕಂಡಿತು.
ಹಿಂದಿನ ಹಲಗೆಗೆ ಮೂಗು ಹಚ್ಚಿದೆ: ಡೀಸೆಲ್ಲು, ತುಕ್ಕು, ಒಂದಿಷ್ಟು ಏಲಕ್ಕಿ.
ಮೀನು ಇರಲಿಲ್ಲ. ಅಥವಾ
ಇರಬಾರದೆಂದು ನನ್ನ ಮೂಗು ಆಗಲೇ ತೀರ್ಮಾನಿಸಿತ್ತು.

ಅವರು ಮಲಯಾಳದಲ್ಲಿ ಇಳಿಸಿದರು, ಇವರು ತುಳುವಿನಲ್ಲಿ ಏರಿಸಿದರು,
ನಾನು ಬಾಯಿಮುಚ್ಚಿ ಕನ್ನಡದಲ್ಲಿ ಕಳೆಯುತ್ತಿದ್ದೆ;
ಮಗ್ಗಿ ಕಲಿತದ್ದು ಆ ಶಾಲೆಯಲ್ಲಿ.
ಕೊನೆಗೆ ಅಂದುಂಞಿಚ್ಚ ನನ್ನನ್ನು ಆಚೆ ಕರೆದರು.
"ಪ್ಲೇಟು ಇಟ್ಟು ವೆಲ್ಡ್ ಮಾಡಿದರೆ ಚಾಸಿ ನಿಲ್ಲುತ್ತದೆ.
ನಾಲ್ಕನೆಯದರ ಸಂಗತಿ ತಣ್ಣಗಿರುವಾಗ ಗೊತ್ತಾಗಬೇಕು.
ನಾಳೆ ಅವರು ಏಳುವ ಮೊದಲು ಬಾ. ಬಿಳಿ ಹೊಗೆ ಬರುತ್ತದೆ. ಎಣಿಸು.
ಇಪ್ಪತ್ತರೊಳಗೆ ನಿಂತರೆ ಎಪ್ಪತ್ತು ಸಾವಿರ ಇಳಿಸಿ ತಗೋ.
ದಾಟಿದರೆ ಚಾ ಕುಡಿದು ಬಾ."

ಐದೂಕಾಲು. ಗೂಡ್ಸು ರೈಲು ಮುಗಿಯುವವರೆಗೆ ಗೇಟಿನಲ್ಲಿ ನಿಂತೆ.
ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ:
ಇಬ್ಬನಿ, ತಣ್ಣನೆಯ ಕಬ್ಬಿಣ, ಒಂದು ಹಲಸಿನೆಲೆ.
ಲ್ಯಾನ್ಸಿ ಲುಂಗಿ ಬಿಗಿಯುತ್ತ ಬಂದು
ಏನೂ ಹೇಳದೆ ಕೀ ನನ್ನ ಕೈಗೇ ಕೊಟ್ಟರು.

ಮೊದಲ ಸಲ ಕೆಮ್ಮಿತು. ಎರಡನೆಯ ಸಲ ಹಿಡಿಯಿತು.
ಹಿಂದಿನಿಂದ ಬಿಳಿ ಹೊಗೆ,
ಇಬ್ಬರು ಹಿಡಿದು ಕೊಡವಿದ ಚಾದರದ ಹಾಗೆ ಉಬ್ಬಿ
ಕೊಂಬೆಯಲ್ಲಿ ತುಸು ತೂಗಿ
ಹರಿಯಿತು.

"ಹದಿನೇಳು!" ಫೋನಿನಲ್ಲಿ ಅರಚಿದೆ, ಬಲಕಿವಿಗೆ.
ಆಚೆಯಿಂದ ಸ್ವಲ್ಪ ಹೊತ್ತು ಬರೀ ಉಸಿರು.
"ಎಷ್ಟು ನಿಧಾನಕ್ಕೆ ಎಣಿಸಿದೆ?"