ಅರವತ್ತಾರು ಮೀಟರ್

ಅಸ್ಮಾರಾದಿಂದ ಗಿಂಡಾಕ್ಕೆ ಬೆಳಿಗ್ಗೆ ಇಳಿದದ್ದು,
ಗಿಂಡಾದಿಂದ ಅಸ್ಮಾರಾಕ್ಕೆ ಮಧ್ಯಾಹ್ನ ಹತ್ತಿದ್ದು.
ಇರುವುದೇ ಒಂದು ರಸ್ತೆ.
ಮುಂದಿನ ಸೈಕಲ್ಲು ಅವನದು,
ಅದರ ನೆರಳು ತುಳಿಯುತ್ತ ಹಿಂದೆ ನನ್ನದು.
ಮನೆ ಮುಟ್ಟಿ ನೋಡಿದರೆ
ನನ್ನ ಯಂತ್ರದ ಪ್ರಕಾರ ಏರು ಸಾವಿರದ ನಾನೂರ ಎಂಬತ್ತಾರು,
ಜೆರೆಸೆನಾಯನದರ ಪ್ರಕಾರ ಸಾವಿರದ ಐನೂರ ಐವತ್ತೆರಡು.

ನಡುವೆ ಅರವತ್ತಾರು ಮೀಟರಿನ ಒಂದು ಗುಡ್ಡ.
ಅವನು ಹತ್ತಿದ್ದು, ನಾನು ಹತ್ತದ್ದು,
ದಾರಿಬದಿ ಪಾಪಾಸುಕಳ್ಳಿ ಹಣ್ಣು ಮಾರುವ ಹುಡುಗರೂ
ಬಂಡೆ ಮೇಲಿನ ಬಬೂನುಗಳೂ ಈವರೆಗೆ ಕಾಣದ್ದು.

"ರೈಲು ಹಳಿ ದಾಟುವಲ್ಲಿ ತುಸು ಇಳಿದು ಹತ್ತಿದೆವಲ್ಲ,
ಸೇತುವೆಯ ಹತ್ತಿರ ಇನ್ನೊಮ್ಮೆ.
ನಿನ್ನದು ಸೋಮಾರಿ, ಚಿಲ್ಲರೆ ಎಣಿಸುವುದಿಲ್ಲ" ಎಂದ.
ನಿನ್ನದು ಬಡ್ಡಿ ಸಾಹುಕಾರ, ನಾನೆಂದೆ,
ರಸ್ತೆಯ ಮೊಡವೆಯನ್ನೂ ಬೆಟ್ಟವೆಂದು ಬರೆದುಕೊಳ್ಳುತ್ತದೆ.

ಆಮೇಲೆ ನೆನಪಾಯಿತು ನೆಫಾಸಿತ್.
ಲೆತೆಬ್ರಹಾನಳ ಅಂಗಳದಲ್ಲಿ ಸೈಕಲ್ಲು ಒರಗಿಸಿ
ಕಾಫಿಗೆ ಕೂತದ್ದು.
ಅಲ್ಲಿ ಮೂರು ಸುತ್ತು ಕುಡಿಯದೆ ಏಳುವಂತಿಲ್ಲ:
ಮೊದಲನೆಯದು ಕಡು, ಎರಡನೆಯದು ಬರೀ ಮಾತು,
ಮೂರನೆಯದು ಹಾರೈಕೆ.
ಕಡಲ ಕಡೆಯಿಂದ ಮಂಜು ಏರುತ್ತಿತ್ತು,
ಗಾಳಿ ತನ್ನ ಭಾರ ಇಳಿಸಿಕೊಳ್ಳುತ್ತಿತ್ತು,
ಗಾಳಿಯನ್ನು ತೂಗಿ ಎತ್ತರ ಹೇಳುವ ಅವನ ಯಂತ್ರ
ಗೋಡೆಗೊರಗಿದಲ್ಲೇ, ತೆಪ್ಪಗೆ,
ಬೆಟ್ಟ ಹತ್ತುತ್ತಿತ್ತು.

ಸಕ್ಕರೆ ಕರಗುವಷ್ಟರಲ್ಲಿ ಎಷ್ಟು ಮೀಟರಪ್ಪ?
ಕೇಳಿದೆ. ನಕ್ಕ.
ಅಳಿಸಲಿಲ್ಲ.

ತೀರ್ಪಿಗೆ ಹೋದದ್ದು ಅಬೋಯ್ ಗೆಬ್ರೆಜ್ಗಿಯ ಅಂಗಡಿಗೆ.
ಅವರ ಉಗುರಲ್ಲಿ ಚೈನಿನ ಮಸಿ
ನಲವತ್ತು ವರ್ಷದಿಂದ ಬಾಡಿಗೆಗಿದೆ.
ಹುಡುಗನಾಗಿದ್ದಾಗ ಬೇಕರಿಯ ಬ್ರೆಡ್ಡು ಹೇರಿಕೊಂಡು ಇಳಿದು
ಖಾಲಿ ಬುಟ್ಟಿ ಹೇರಿಕೊಂಡು ಹತ್ತಿದವರು,
ವಾರಕ್ಕೆ ಆರು ದಿನ.
"ಇಳಿದದ್ದನ್ನು ಯಾಕೆ ಹೇಳುವುದಿಲ್ಲ ನಿಮ್ಮ ಡಬ್ಬಿ?" ಎಂದರು.
ಇಳಿದದ್ದು ಆಟಕ್ಕುಂಟು ಅಬೋಯ್, ಲೆಕ್ಕಕ್ಕಿಲ್ಲ.

ಟೈರುಗಳ ಹಿಂದಿನಿಂದ ತೆಗೆದರು
ಒಂದು ನೀರಿನ ಬಾಟಲಿ.
ಖಾಲಿ, ಬಿರಡೆ ಬಿಗಿದದ್ದು.
"ಇಲ್ಲಿ ಬಿಗಿದು ಇಳಿದರೆ ಗಿಂಡಾದಲ್ಲಿ ನೆಗ್ಗಿ ಹೋಗುತ್ತೆ,
ಯಾರೋ ಸೊಂಟ ಹಿಂಡಿದ ಹಾಗೆ.
ಮಸಾವಾದಲ್ಲಿ ಕೇಳಲೇಬೇಡಿ.
ಹತ್ತಿ ಬಂದರೆ ಮತ್ತೆ ಮೈ ತುಂಬಿಕೊಳ್ಳುತ್ತೆ. ಆದರೆ"
ಹೆಬ್ಬೆರಳಿನಿಂದ ಸವರಿದರು,
"ಸುಕ್ಕು ಹೋಗುವುದಿಲ್ಲ.
ಒಂದು ಸಲಕ್ಕೆ ಒಂದು. ಎಣಿಸಿಕೊಳ್ಳಿ."

ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ.
ಒಂದು ಸುಕ್ಕು ಇನ್ನೊಂದರೊಳಗೆ ಹೊಕ್ಕು
ಎಲ್ಲೋ ಬುಡದಲ್ಲಿ ಮತ್ತೆ ಎದ್ದಿತ್ತು.

ಆರು, ಎಂದೆ.
ಜೆರೆಸೆನಾಯ್ ಇಸಿದುಕೊಂಡ,
ಬಹಳ ಹೊತ್ತು ನೋಡಿ
ಏಳು, ಅಂದ.