ಎಂಬತ್ತೇಳನೆಯ ಮರ

ನಂದಿಬೆಟ್ಟದ ಹಿಂಬದಿಗೆ, ಮೋಡ ಬೆನ್ನು ತಿರುಗಿಸಿ ಕೂರುವ ಕಡೆ
ದೊರೆ ಬಂಗಲೆಯ ತೋಟ. ಟಿಕೀಟು ಇಪ್ಪತ್ತು,
ಮಕ್ಕಳಿಗೆ ಹತ್ತು, ಕ್ಯಾಮೆರಾಕ್ಕೆ ಬೇರೆ.
ನನಗೆ ಟಿಕೀಟಿಲ್ಲ. ನಾನು ಶಿಡ್ಲಘಟ್ಟದ ಬಾಬಾಜಾನ್;
ಗೂಡಿನ ಮಾರ್ಕೆಟ್ಟಿನ ಅರ್ಧ ಬೋರ್ಡು ಒಂದು ಕಾಲಕ್ಕೆ ನನ್ನ ಕೈಯವು.
ಫ್ಲೆಕ್ಸು ಬಂತು. ಈಗ ಮರಗಳಿಗೆ ಹೆಸರು ಬರೆಯುತ್ತೇನೆ.

ನೂರ ನಲವತ್ತೆರಡು ತಗಡು. ಹಸಿರು ಬಳಿದು ಬಿಳಿ ಅಕ್ಷರ,
ಮೇಲೆ ಕನ್ನಡ, ಕೆಳಗೆ ಲ್ಯಾಟಿನ್:
ಬಾಯಲ್ಲಿ ಗೋಲಿ ಇಟ್ಟುಕೊಂಡವರ ಮಾತು,
ಸೊಟ್ಟಗೆ ವಾಲಿಸಿ ಬರೆಯಬೇಕಂತೆ.
ಮೊಳೆ ಬೇಡ, ಸ್ಪ್ರಿಂಗು ಕಟ್ಟು, ಮರ ದಪ್ಪ ಆಗ್ತದೆ
ಅಂದರು ತೋಟಗಾರಿಕೆ ಸಾಹೇಬರು.

ಹಿಂದಿನವರು ಮೊಳೆ ಹೊಡೆದಿದ್ದರು.
ಕರ್ಪೂರದ ಮರ ತನ್ನ ಹೆಸರನ್ನು ಮುಕ್ಕಾಲು ನುಂಗಿದೆ.
ಎಲೆಯಡಿಕೆ ಒತ್ತರಿಸಿದ ದವಡೆಯ ಹಾಗೆ ತೊಗಟೆ ಉಬ್ಬಿ
ತಗಡಿನ ಒಂದು ಮೂಲೆ ಮಾತ್ರ ಹೊರಗೆ.
ಹಿಡಿದು ಎಳೆದೆ.
"ಬಿಡಿ ಸಾಬ್ರೆ, ತಿಂದಿದ್ದನ್ನ ಕಕ್ಕಿಸಬಾರ್ದು"
ಅಂದಳು ಪಿಳ್ಳಮ್ಮ, ಪೊರಕೆಯ ಕೈ ನಿಲ್ಲಿಸದೆ.

ಬಂಗಲೆಯ ಹಜಾರದಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ
ಬೆಳ್ಳಿ ಹಿಡಿಯ ಒಂದು ಕೋಲು.
'ಸಸಿ ನೆಡುವ ಜಾಗವನ್ನು ದೊರೆಯವರು ಇದರಿಂದ ತೋರಿಸುತ್ತಿದ್ದರು.'
ಕೋಲು ತೋರಿಸಿದ ಕಡೆ
ಗುಂಡಿ ತನ್ನನ್ನು ತಾನೇ ತೋಡಿಕೊಳ್ಳುತ್ತಿತ್ತೇನೋ.
ಕಲ್ಯಾಣಿಯ ನೀರು ಅರವತ್ತು ಮೆಟ್ಟಿಲು ಹತ್ತಿ
ಏದುಸಿರು ಬಿಡುತ್ತ ತಾನೇ ಬರುತ್ತಿತ್ತೇನೋ.
ಸಿಂಬಿಗಳನ್ನು ಯಾವ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆಂದು
ಹುಡುಕಿದೆ. ಪಿಂಗಾಣಿ ಇತ್ತು, ಹುಲಿಯ ತಲೆ ಇತ್ತು.

ಹಡಗಿನಲ್ಲಿ ಬಂದವು, ಗಾಡಿಯಲ್ಲಿ ಬಂದವು,
ಒದ್ದೆ ಗೋಣಿಯಲ್ಲಿ ಬೇರು ಸುತ್ತಿಸಿಕೊಂಡು ಬಂದವು:
ಮಹಾಗನಿ ಬರೆದೆ. ನಾಗಲಿಂಗ ಬರೆದೆ.
ರುದ್ರಾಕ್ಷಿಗೆ ಒತ್ತು ಕೊಟ್ಟೆನೋ ಇಲ್ಲವೋ, ಎರಡು ಸಲ ಹೋಗಿ ನೋಡಿದೆ.
ಮೂಲೆಯ ಹೊಂಗೆಗೂ ಒಂದು ತಗಡು;
ಊರ ಮರ, ಮದುವೆಗೆ ಕರೆದವರ ಹಾಗೆ ನಾಚಿಕೊಂಡು ನಿಂತಿತ್ತು.

ಎಂಬತ್ತೇಳಕ್ಕೆ ಪಟ್ಟಿಯಲ್ಲಿ ಒಂದು ಗೀಟು.
'ಗುರುತಾಗಿಲ್ಲ.'

ಬೂದು ಮೈ. ಎಲೆ ತಿಕ್ಕಿದರೆ ಹಸಿ ಮಾವಿನ ಘಾಟು.
ಹೂ ಕಂಡವರಿಲ್ಲ. ಕೊಂಬೆ ತುಂಬ ಬಾವಲಿ,
ಹಗಲೆಲ್ಲ ಅವುಗಳದೇ ಪಂಚಾಯಿತಿ.
"ನಾವು ಎಂಕಟಿ ಮರ ಅಂತೀವಿ" ಅಂದಳು ಪಿಳ್ಳಮ್ಮ.
"ನಮ್ಮಜ್ಜಿ ತಂಗಿ. ಬ್ಯಾರೆ ಮರಕ್ಕೆಲ್ಲ ಎರಡೆರಡು ಕೊಡ,
ಇದಕ್ಕೆ ಕದ್ದು ಮೂರು ಹಾಕೋಳಂತೆ."
ಯಾಕೆ?
"ಯಾರು ಕೇಳಿದ್ರು?"

ಬರೆಯಲಾ, ಅಂದೆ. ಬ್ರಷ್ಷು ಬಿಳಿಯಲ್ಲಿ ಅದ್ದಿಯೂ ಆಗಿತ್ತು.
ಎ-ದ ಕೊಂಬು ಎಲ್ಲಿ ತಿರುಗಬೇಕೆಂದು ಕೈಗೆ ಗೊತ್ತಿತ್ತು.

ಪೊರಕೆ ನಿಂತಿತು.
"ಬ್ಯಾಡ ಸಾಬ್ರೆ. ಹೆಸರು ಬರೆದರೆ
ನಾಳೆ ಯಾವನೋ ಅರಿಶಿನ ಕುಂಕುಮ ಇಡ್ತಾನೆ,
ನಾಡಿದ್ದು ಹುಂಡಿ, ಆಚೆ ನಾಡಿದ್ದು ಮೈಕು.
ಬಾವಲಿ ಓಡೋಗ್ತವೆ. ಅವಕ್ಕೆ ಇನ್ನೆಲ್ಲೈತೆ ಜಾಗ?"

ಬುಡದಲ್ಲಿ ಕೂತೆ. ಅವಳು ಅರ್ಧ ಬೀಡಿ ಕೊಟ್ಟಳು.
ನಲವತ್ತು ವರ್ಷದಲ್ಲಿ ಒಮ್ಮೆಯೂ
ಅದ್ದಿದ ಬ್ರಷ್ಷು ಒಣಗಲು ಬಿಟ್ಟವನಲ್ಲ ನಾನು.
ಅವತ್ತು ಬಿಟ್ಟೆ.

ಬಿಲ್ಲಿಗೆ ಹೋದಾಗ ಗುಮಾಸ್ತ ಎಣಿಸಿದ:
ನೂರ ನಲವತ್ತೊಂದು. ಇನ್ನೊಂದು?
ಮರ ತಿಂತು ಸ್ವಾಮಿ, ಅಂದೆ.
ನಗಲಿಲ್ಲ ಆತ. ಅರವತ್ತು ರೂಪಾಯಿ ಹಿಡಿದುಕೊಂಡ.

ಆ ತಗಡು ಈಗ ನಮ್ಮ ಹಿತ್ತಲಲ್ಲಿ,
ಕೋಳಿಗೂಡಿಗೆ ಇಲಿ ಕೊರೆದ ತೂತಿನ ಮೇಲೆ.
ಇನಾಮಲ್ ಒಳ್ಳೆಯದೇ, ಎರಡು ಮಳೆಗಾಲ ತಡೆದಿದೆ.
ಒಂದು ಮಗ್ಗುಲಿಗೆ ಕೋಳಿ ಕುಕ್ಕಿ ಕುಕ್ಕಿ
ಏನೋ ಗೀಚಿದೆ,
ಲ್ಯಾಟಿನ್ ಇರಬೇಕು.